ಊಟಕ್ಕೆ ಕೂರದ ಮಾಲೀಕ

ಜೂನ್ 3, ಮಂಗಳವಾರ

ಈ ಪುಸ್ತಕ ನಾನು ಕೊಂಡದ್ದಲ್ಲ. ಇಲ್ಲಿ ಮದ್ರಾಸಿನ ಹೋಟೆಲ್ ಮಾಲೀಕರ ಸಂಘದವರು ಒಂದು ತರಬೇತಿ ಇಟ್ಟಿದ್ದರು, ಅಲ್ಲಿ ಪುಕ್ಕಟೆ ಸಿಕ್ಕಿತು. ಪಾಠ ಹೇಳಲು ಬಂದವಳು ರಚನಾ ಎಂಬ ಹುಡುಗಿ. ಮೈಸೂರು ಕಡೆಯವಳಂತೆ. ನನ್ನ ಹೆಸರು ಶಂಕರನಾರಾಯಣ ರಾವ್ ಎಂದು ನೋಡಿ ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡಿದಳು. "ಉದ್ಯಮಿ ಆದವರು ದಿನಾ ಹತ್ತು ನಿಮಿಷ ತಮ್ಮನ್ನ ತಾವೇ ಕೇಳ್ಕೋಬೇಕು ಸರ್. ಇವತ್ತು ಏನು ಚೆನ್ನಾಗಾಯ್ತು, ಏನು ಕೆಟ್ಟೋಯ್ತು, ಏನು ಕಲಿತೆ. ಬರೆದಿಟ್ಕೊಳ್ಳಿ, ಯಾರಿಗೂ ತೋರಿಸ್ಬೇಡಿ." ಈ ಐವತ್ತು ವರ್ಷದಲ್ಲಿ ನನ್ನನ್ನು ಯಾರೂ ಉದ್ಯಮಿ ಎಂದು ಕರೆದದ್ದಿಲ್ಲ. ಹಿಂದೆ ಯಾರಾದರೂ ಕೂತಿದ್ದಾರೋ ಎಂದು ತಿರುಗಿ ನೋಡಿದೆ.

ಸಂಜೆಯ ಕಾಫಿ ಗಿರಾಕಿಗಳು ಬರುವ ಮೊದಲು ಗಲ್ಲಾದಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯಲು ಪುರುಸೊತ್ತು ಉಂಟು. ಅದೇ ತೊಂದರೆ. ಮಾಂಬಲಂ ಸ್ಟೇಷನ್ನಿಂದ ಇಳಿದು ಬರುವವರು ಮೊದಲು ನಮ್ಮ ಮೆಟ್ಟಿಲು ಹತ್ತದೆ ಹೋಗುತ್ತಿರಲಿಲ್ಲ. ಅಪ್ಪಯ್ಯ ಬ್ರಹ್ಮಾವರದಿಂದ ಬಂದು ಹಾಕಿದ ಹೋಟೆಲು. ಅಪ್ಪಯ್ಯನ ನಂತರ ಅಣ್ಣ ಜಯಪ್ರಕಾಶ್ ಮತ್ತು ನಾನು ನಡೆಸಿದೆವು. ಕಳೆದ ದೀಪಾವಳಿಗೆ ಅಣ್ಣ ಕೊಯಮತ್ತೂರಿಗೆ ಹೋದ. ಅತ್ತಿಗೆಯ ಊರು, ಅಲ್ಲೇ ಒಂದು ಹೋಟೆಲು ಹಾಕಿದ್ದಾನೆ. ಜಗಳವಾಡಿ ಹೋಗಿದ್ದರೆ ಬೈದುಕೊಳ್ಳಬಹುದಿತ್ತು. ತಲೆ ಸವರಿ ಹೋದ.

ಪಕ್ಕದ ಮೊಬೈಲ್ ಅಂಗಡಿಯ ಪ್ರತಾಪ್ ಈ ಜಾಗ ಕೇಳುತ್ತಿದ್ದಾನೆ. ಚಹಾ, ಬನ್ನು ಮಾರುವ ದೊಡ್ಡ ಕಂಪನಿಯೊಂದರ ಶಾಖೆ ಹಾಕುತ್ತಾನಂತೆ. ತಿಂಗಳ ಕೊನೆಗೆ ಉತ್ತರ ಬೇಕಂತೆ. ಕೊಟ್ಟರೂ ಆದೀತು, ಕೊಡದಿದ್ದರೂ ಆದೀತು. ಏನೂ ಅನಿಸುವುದಿಲ್ಲ.

ಜೂನ್ 4, ಬುಧವಾರ

ಏನು ಚೆನ್ನಾಗಾಯಿತು? ಗ್ಯಾಸ್ ಬಂತು.
ಏನು ಕೆಟ್ಟಿತು? ಉಳಿದದ್ದು.
ಏನು ಕಲಿತೆ? ಪುಕ್ಕಟೆ ಪುಸ್ತಕ ತೆಗೆದುಕೊಳ್ಳಬಾರದು.

ಜೂನ್ 7, ಶನಿವಾರ

ಶನಿವಾರವೂ ಮೇಜುಗಳು ಖಾಲಿ. ಏಸಿ ರಿಪೇರಿ ಮಾಡಿಸಿದೆ. ಬೋರ್ಡಿನ ಲೈಟು ಬದಲಾಯಿಸಿದೆ. ಹೊಸ ಮೆನು ಕಾರ್ಡು ಅಚ್ಚಾಗಿ ಬಂತು, ಹೊಳೆಯುತ್ತದೆ. ಆ್ಯಪಿನಲ್ಲಿ ಯಾರೋ "ಮೊದಲಿನ ರುಚಿ ಇಲ್ಲ" ಎಂದು ಬರೆದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು ಹೌದು ಹೌದು ಎಂದಿದ್ದಾರೆ. ಎದುರು ಹೊಸದಾಗಿ ತೆರೆದ ಮೆಸ್ಸಿನವನ ಕೆಲಸ ಇರಬೇಕು.

ರೈಲ್ವೆಯಲ್ಲಿದ್ದು ನಿವೃತ್ತರಾದ ಮಾಮಾ ಒಬ್ಬರು ಅಪ್ಪಯ್ಯನ ಕಾಲದಿಂದ ಬರುವವರು. ಇಂದು ಎದುರಿನ ಮೆಸ್ಸಿನಿಂದ ಹಲ್ಲು ಕಡ್ಡಿ ಕಚ್ಚಿಕೊಂಡು ಹೊರಗೆ ಬಂದರು. ನನ್ನನ್ನು ಕಂಡು ಕೊಡೆ ಬಿಡಿಸಿದರು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಪಾಪ, ಮುಖ ಅಡಗಿಸಲು ಇನ್ನೇನು ಮಾಡುತ್ತಾರೆ. ನಾನೂ ಗಲ್ಲಾದ ಚಿಲ್ಲರೆ ನೋಡುವವನ ಹಾಗೆ ತಲೆ ತಗ್ಗಿಸಿದೆ. ಮಧ್ಯಾಹ್ನಕ್ಕೆ ಚಹಾ, ಎರಡು ರಸ್ಕು.

ಜೂನ್ 9, ಸೋಮವಾರ

ಪ್ರತಾಪ್ ಟೇಪು ಹಿಡಿದು ಬಂದು ಹಾಲ್ ಅಳೆದ. ಅಡಿಗೆಮನೆಯ ಬಾಗಿಲವರೆಗೂ ಹೋದ. ಒಳಗೆ ಕಾಲಿಡಲು ಅಡಿಗೆಯ ಪದ್ಮನಾಭ ಭಟ್ಟರು ಬಿಡಲಿಲ್ಲ. ನಮ್ಮ ಭಟ್ಟರ ಅಡಿಗೆಮನೆಗೆ ಸ್ನಾನವಿಲ್ಲದೆ ನಾನೇ ಹೋಗುವಂತಿಲ್ಲ, ಇನ್ನು ಪ್ರತಾಪ್ ಎಲ್ಲಿ.

ಅವನು ಹೋದ ಮೇಲೆ ಭಟ್ಟರು ಕಿಂಡಿಗೆ ಮುಖ ಕೊಟ್ಟು ಕೇಳಿದರು. "ಅವ ಎಂತ ಅಳೆಯುದು, ರಾಯರೇ?"

"ಏಸಿಗೆ" ಎಂದೆ.

"ಏಸಿ ಮೊನ್ನೆ ಸರಿ ಮಾಡಿಸಿದ್ದಲ್ಲವಾ?"

"ಇನ್ನೊಂದು" ಎಂದೆ. ಅವರು ಕಿಂಡಿಯಿಂದ ಮುಖ ತೆಗೆದರು. ಸುಳ್ಳು ಹೇಳಿದೆ ಎಂದು ಬೇಸರವಾಗಬೇಕಿತ್ತು, ಆಗಲಿಲ್ಲ.

ಜೂನ್ 12, ಗುರುವಾರ

ಎರಡನೆಯ ತರಗತಿ. ಹೆಂಡತಿ ಸುಗುಣಾ ದೂಡಿ ಕಳಿಸಿದಳು, ಇಲ್ಲದಿದ್ದರೆ ಹೋಗುತ್ತಿರಲಿಲ್ಲ. ರಚನಾ ಒಬ್ಬೊಬ್ಬರನ್ನೇ ಕರೆದು ಕೂರಿಸಿ ಮಾತಾಡಿಸಿದಳು. ನಾನು ಏಸಿ, ಬೋರ್ಡು, ಆ್ಯಪು, ಎದುರಿನ ಮೆಸ್ಸು ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ.

"ನಿಮ್ ಹೋಟೆಲ್‌ನಲ್ಲಿ ನಿಮಗೆ ಯಾವುದು ತುಂಬಾ ಇಷ್ಟ ಸರ್?"

"ಊಟ. ನಮ್ಮ ಭಟ್ಟರ ಸಾಂಬಾರು."

"ಯಾವಾಗ ತಿಂದ್ರಿ?"

"ದಿನಾ ಅಲ್ಲೇ ಇರುವವ ನಾನು."

"ಅದಲ್ಲ ಸರ್. ಕೂತ್ಕೊಂಡು ಊಟ ಮಾಡಿದ್ದು ಯಾವಾಗ?"

ಇದೆಂಥ ಪ್ರಶ್ನೆ. ಬಟ್ಟೆ ಅಂಗಡಿಯವನಿಗೆ ನಿಮ್ಮ ಸೀರೆ ನೀವೇ ಉಡುತ್ತೀರಾ ಎಂದು ಕೇಳುತ್ತಾರಾ? ಸಿಟ್ಟು ಬರಬೇಕಿತ್ತು. ಹೊಟ್ಟೆಯುರಿ ಉಂಟು, ಡಾಕ್ಟರು ಬೇಡ ಎಂದಿದ್ದಾರೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಜೂನ್ 13, ಶುಕ್ರವಾರ

ಆ ಹುಡುಗಿಯ ಬಾಯಿ ಮುಚ್ಚಿಸಲು ಇವತ್ತು ಊಟ ಮಾಡಿಯೇ ಬಿಡುವುದೆಂದು ಮೂರು ಗಂಟೆಗೆ ಹಿಂದಿನ ಮೇಜಿಗೆ ಹೋದೆ. ಅಡಿಗೆಮನೆಯ ಕಿಂಡಿಯ ಎದುರಿನದು. ಗಿರಾಕಿಗಳ ಗಲಾಟೆ ಮುಗಿದ ಮೇಲೆ ಅಣ್ಣ ಮತ್ತು ನಾನು ಕೂರುತ್ತಿದ್ದ ಮೇಜು. ಅಣ್ಣ ಊಟದ ನಡುವೆ ಕೈ ಒಡ್ಡಿ ಸಾರು ಕುಡಿಯುವವ, ಸುರ್ ಎಂದು ಸದ್ದು ಮಾಡಿ. ಎಷ್ಟು ಹೇಳಿದರೂ ಬಿಟ್ಟವನಲ್ಲ. ಸಾಂಬಾರಿಗೆ ಬೆಲ್ಲ ಎಷ್ಟಿರಬೇಕು ಎಂದು ನಮಗೆ ದಿನಾ ಜಗಳ. ಮದ್ರಾಸಿನವರಿಗೆ ಸಿಹಿ ಆಗುವುದಿಲ್ಲ ಎಂದು ಅವನು. ಬೆಲ್ಲ ಬಿಟ್ಟರೆ ನಾವು ಯಾಕೆ, ಮದ್ರಾಸಿನವರೇ ಸಾಕಲ್ಲ ಎಂದು ನಾನು.

ಎಲೆ ಹಾಕಿದರು. ಅನ್ನ ಬಡಿಸಿದರು. ಫೋನು ಬಂತು. ಮಾತಾಡುತ್ತ ಎದ್ದು ಗಲ್ಲಾಕ್ಕೆ ಬಂದೆ. ಯಾರ ಫೋನು ಎಂದು ಈಗ ನೆನಪಿಲ್ಲ.

ಜೂನ್ 18, ಬುಧವಾರ

ಬರೆಯಲಿಲ್ಲ ಇಷ್ಟು ದಿನ. ಬರೆಯುವಂಥದ್ದು ಆಗಲಿಲ್ಲ.

ಬೆಳಿಗ್ಗೆ ಮನೆಯಲ್ಲಿ ಸುಗುಣಾ ಕಾಫಿ ಲೋಟ ಕುಕ್ಕಿದಳು. "ಹೋಯ್, ಹೋಟೆಲು ಬಿಟ್ಟರೆ ಎಂತ ಮಾಡ್ತೀರಿ?"

"ಮಲಗ್ತೇನೆ."

"ಮಾರುದಾದ್ರೆ ಮಾರಿ. ನಾನು ಬೇಡ ಹೇಳುದಿಲ್ಲ. ಆದ್ರೆ ಬೇಡ ಅನ್ಲಿಕ್ಕೆ ಉದಾಸೀನ ಆಗಿ ಮಾರ್ಬೇಡಿ. ಅದು ನಂಗೆ ಸಹಿಸ್ಲಿಕ್ಕೆ ಆಗುದಿಲ್ಲ."

ಮಗಳು ಅನ್ವಿತಾ ಕಾಲೇಜಿಗೆ ಹೊರಟವಳು ಬಾಗಿಲಲ್ಲಿ ನಿಂತಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ. "ಅಪ್ಪಾ, ನೀ ಸಿರಿಚ್ಚೇ ರೊಂಬ ನಾಳಾಚ್ಚು" ಎಂದಳು. ನೀನು ನಕ್ಕು ತುಂಬಾ ದಿನ ಆಯಿತು ಎಂದು. ಆಮೇಲೆ, ಶನಿವಾರ ತನ್ನ ಸ್ನೇಹಿತೆಯರನ್ನು ಹೋಟೆಲಿಗೆ ಊಟಕ್ಕೆ ಕರೆತರುತ್ತೇನೆ, ನೀನೂ ನಮ್ಮ ಜೊತೆ ಕೂರಬೇಕು ಎಂದಳು. ಆಗಲಿ ಎಂದೆ. ಇಲ್ಲ ಎನ್ನಲು ಕಾರಣ ಹುಡುಕಬೇಕಾಗುತ್ತಿತ್ತು.

ಜೂನ್ 21, ಶನಿವಾರ

ನಾಲ್ಕು ಹುಡುಗಿಯರು, ನಾನು. ಅನ್ವಿತಾ ದಾರಿಯುದ್ದಕ್ಕೂ ಹೊಗಳಿಕೊಂಡು ಕರೆತಂದಿರಬೇಕು. "ಅಂಕಲ್, ನಿಮ್ಮ ಸಾಂಬಾರಿನ ಬಗ್ಗೆ ಇವಳು ದಿನಾ ಹೇಳ್ತಾಳೆ" ಎಂದು ಒಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು. ಎಲೆ ಹಾಕಿ ಬಡಿಸಿದರು. ಪಲ್ಯ, ಕೋಸಂಬರಿ, ಹಪ್ಪಳ, ಅನ್ನ, ಸಾಂಬಾರು.

ಕಲಸಿ ಬಾಯಿಗಿಟ್ಟೆ.

ಕಹಿ. ಮೆಂತೆ ಹೊತ್ತಿದ ಕಹಿ. ಅದರ ಮೇಲೆ ಉಪ್ಪು. ಬೆಲ್ಲ ಎಲ್ಲೋ ತಳದಲ್ಲಿ ಒಂಟಿಯಾಗಿ ಉಂಟು. ಹುಡುಗಿಯರನ್ನು ನೋಡಿದೆ. ಒಬ್ಬಳು ಹಪ್ಪಳವನ್ನು ಚಿಕ್ಕ ಚಿಕ್ಕ ಚೂರು ಮಾಡಿ ತಿನ್ನುತ್ತಿದ್ದಳು, ಬೇಗ ಮುಗಿಯದಿರಲಿ ಎಂದು. ಇನ್ನೊಬ್ಬಳು "ಐ ಆ್ಯಮ್ ನಾಟ್ ದಟ್ ಹಂಗ್ರಿ, ಅಂಕಲ್" ಎಂದು ಎಲೆ ಮಡಚಿದಳು. ಒಳ್ಳೆಯ ಮನೆಯ ಮಕ್ಕಳು. ಕೆಟ್ಟದ್ದಾಗಿದೆ ಎಂದು ಒಬ್ಬಳೂ ಹೇಳಲಿಲ್ಲ.

ಅನ್ವಿತಾ ನನ್ನ ಕಡೆ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಮೆಲ್ಲಗೆ, ಕನ್ನಡದಲ್ಲಿ, "ಅಪ್ಪ, ದಿನಾ ಹೀಗೇನಾ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅದನ್ನೇ ಹೇಳಿದೆ. ನನ್ನ ಹೋಟೆಲಿನ ಸಾಂಬಾರು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗಲ್ಲಾದಿಂದ ಎದ್ದು ಹತ್ತು ಹೆಜ್ಜೆ ಬಂದರೆ ತಿಳಿಯುವ ವಿಷಯ. ಏಸಿಯವನನ್ನು ಕರೆಸಿದೆ, ಲೈಟಿನವನನ್ನು ಕರೆಸಿದೆ, ನಾಲಿಗೆಯನ್ನು ಮಾತ್ರ ಮನೆಯಲ್ಲಿಟ್ಟು ಬಂದಿದ್ದೆ. ನಾಚಿಕೆಯಾಯಿತು. ಮಗಳ ಎದುರು ತುಂಬಾ ನಾಚಿಕೆಯಾಯಿತು. ಎಲೆಯಲ್ಲಿದ್ದದ್ದನ್ನೆಲ್ಲ ಉಂಡೆ, ಒಂದು ಅಗುಳು ಬಿಡದೆ.

ಸಂಜೆ ಗಿರಾಕಿಗಳು ಬಂದದ್ದು ಗೊತ್ತಾಗಲಿಲ್ಲ. ಭಟ್ಟರಿಗೆ ಏನು ಹೇಳಲಿ? ಸೋಮವಾರ ಪ್ರತಾಪನಿಗೆ ಫೋನು ಮಾಡಿ ಸಹಿ ಹಾಕುತ್ತೇನೆ ಎಂದರೆ ಭಟ್ಟರಿಗೂ ಏನೂ ಹೇಳಬೇಕಾಗಿಲ್ಲ.

ಜೂನ್ 22, ಭಾನುವಾರ

ಮಿಂದು, ಪಂಚೆ ಉಟ್ಟು, ಅಡಿಗೆಮನೆಗೆ ಹೋದೆ. ಭಟ್ಟರು ಬೆರಗಾಗಿ ನೋಡಿದರು. "ಎಂತ ರಾಯರೇ, ದಾರಿ ತಪ್ಪಿತಾ?" ಎಂದರು. ಒಂದು ಮೂಲೆಯಲ್ಲಿ ನಿಂತೆ.

ನಮ್ಮಲ್ಲಿ ಅಡಿಗೆ ಮಾಡುವವರು ನೈವೇದ್ಯ ಆಗದೆ ಒಂದು ಹನಿ ನಾಲಿಗೆಗೆ ಇಡುವಂತಿಲ್ಲ. ಮೊದಲು ಕೃಷ್ಣನ ಪಟದ ಎದುರು, ಆಮೇಲೆ ಗಿರಾಕಿಗೆ. ಅಪ್ಪಯ್ಯನ ಕಾಲದಿಂದ ಹಾಗೇ ನಡೆದದ್ದು. ಉಪ್ಪು ಕೈಯ ಅಂದಾಜು, ಹುರಿದದ್ದು ಮೂಗಿನ ಅಂದಾಜು. ನೈವೇದ್ಯದ ನಂತರವೂ ಭಟ್ಟರು ಹೋಟೆಲಿನದನ್ನು ಉಣ್ಣುವವರಲ್ಲ. ಬಿಪಿ ಉಂಟು, ಉಪ್ಪಿಲ್ಲದ ಗಂಜಿ, ಮಜ್ಜಿಗೆ. ಬಡಿಸುವ ಹುಡುಗರು ಒಡಿಶಾದವರು, ತಮ್ಮ ಅನ್ನ, ದಾಲ್ ತಾವೇ ಬೇಯಿಸಿಕೊಳ್ಳುತ್ತಾರೆ. ಒಟ್ಟಿನಲ್ಲಿ ಈ ಹೋಟೆಲಿನಲ್ಲಿ ನಮ್ಮ ಸಾಂಬಾರು ಉಣ್ಣುತ್ತಿದ್ದವರು ದೇವರು ಮತ್ತು ಗಿರಾಕಿಗಳು. ಗಿರಾಕಿಗಳು ಎದುರಿನ ಮೆಸ್ಸಿಗೆ ಹೋದರು. ದೇವರಿಗೆ ಹೋಗಲು ಜಾಗ ಇರಲಿಲ್ಲ.

ಭಟ್ಟರು ಬಾಣಲೆಗೆ ಮೆಂತೆ ಹಾಕಿ ಹುರಿಯತೊಡಗಿದರು. ಕೆಂಪಾಯಿತು. ಕಪ್ಪಾಯಿತು. ಹೊಗೆಯ ವಾಸನೆ ನನ್ನ ಗಂಟಲಿಗೆ ಬಂತು. ಅವರು ಸಟ್ಟುಗ ಆಡಿಸುತ್ತಲೇ ಇದ್ದರು.

"ಭಟ್ರೇ, ಹೊತ್ತಿತು."

"ಹೊತ್ತಿತಾ?" ಎಂದು ಗಾಬರಿಯಿಂದ ಬಾಣಲೆಗೆ ಬಗ್ಗಿದರು. ಹತ್ತಿರದ್ದು ಅವರ ಕಣ್ಣಿಗೂ ಅಷ್ಟಕ್ಕಷ್ಟೆ. ಬೆಂಕಿ ಆರಿಸಿ, ಬಾಣಲೆ ಕೆಳಗಿಟ್ಟರು. ಆಮೇಲೆ ಹೇಳಿದರು. ಮಾರ್ಗಶಿರದಲ್ಲಿ ಜ್ವರ ಬಂದಿತ್ತಲ್ಲ, ಅಲ್ಲಿಂದ ಮೂಗಿಗೆ ಏನೂ ಬರುವುದಿಲ್ಲವಂತೆ. ಇಂಗೂ ಒಂದೇ, ಹೂವೂ ಒಂದೇ.

"ಹೇಳ್ಬಾರದಿತ್ತಾ?"

"ಮೂಗಿಲ್ಲದ ಭಟ್ಟನನ್ನು ಯಾರು ಇಟ್ಟುಕೊಳ್ತಾರೆ, ರಾಯರೇ? ಊರಿಗೆ ಹೋಗಿ ಎಂತ ಮಾಡ್ಲಿ?"

"ಉಪ್ಪು ಯಾಕೆ ಹೆಚ್ಚಾಯ್ತು? ಉಪ್ಪಿಗೆ ಮೂಗು ಬೇಡವಲ್ಲ."

ಭಟ್ಟರು ಕಿಂಡಿಯ ಕಡೆ ಕೈ ತೋರಿಸಿದರು. "ಅದು ನಿಮ್ಮಿಂದ."

ನನಗೆ ಅರ್ಥವಾಗಲಿಲ್ಲ.

"ನೀವಿಬ್ರು ಮೂರು ಗಂಟೆಗೆ ಉಣ್ಲಿಕ್ಕೆ ಕೂತಾಗ ನಾನು ಇಲ್ಲಿಂದ ನೋಡ್ತಿದ್ದೆ. ಜಯಪ್ರಕಾಶ ರಾಯರ ಮುಖದಲ್ಲಿ ಎಂತದೂ ಗೊತ್ತಾಗುದಿಲ್ಲ, ಹುಲ್ಲು ಬಡಿಸಿದ್ರೂ ಉಣ್ತಾರೆ. ನಿಮ್ಮದು ಹಾಗಲ್ಲ. ಉಪ್ಪು ಹೆಚ್ಚಾದ್ರೆ ಎಡಗಡೆ ಹುಬ್ಬು ಮೇಲೆ. ಹುಳಿ ಹೆಚ್ಚಾದ್ರೆ ಒಂದು ಕಣ್ಣು ಸಣ್ಣ. ಸರಿ ಇದ್ರೆ ಅಣ್ಣನ ಹತ್ರ ಜಗಳ. ಮರುದಿನ ನಾನು ಹಾಗೆ ಕೈ ಹಿಡೀತಿದ್ದೆ. ಅಣ್ಣ ಹೋದ ಮೇಲೆ ನೀವು ಈ ಮೇಜಿಗೆ ಬರ್ಲೇ ಇಲ್ಲ. ಕೋಯಂಬೇಡು ಮಾರ್ಕೆಟಿನಿಂದ ಬರುವ ಹುಣಸೆಹಣ್ಣು ಬೇರೆ ಆಯ್ತು, ಉಪ್ಪು ಬೇರೆ ಕಂಪನಿಯದ್ದು ಆಯ್ತು. ಯಾರನ್ನು ನೋಡಿ ಮಾಡ್ಲಿ?"

ಉಡುಪಿಯಲ್ಲಿ ಜನ ಕಿಂಡಿಯಿಂದ ದೇವರನ್ನು ನೋಡುತ್ತಾರೆ. ಇಲ್ಲಿ ಈ ಮಹಾರಾಯರು ಇಷ್ಟು ವರ್ಷ ನನ್ನ ಹುಬ್ಬು ನೋಡುತ್ತಿದ್ದರಂತೆ. ನಗು ಬಂತು. ಭಟ್ಟರು ನಗಲಿಲ್ಲ. "ಪ್ರತಾಪ ಅಳೆದದ್ದು ಏಸಿಗೆ ಅಲ್ಲ ಅಂತ ನಂಗೆ ಗೊತ್ತುಂಟು. ನನ್ನಿಂದ ಆದದ್ದಲ್ಲವಾ ಇದು? ನಾನು ಹೊರಡ್ತೇನೆ ರಾಯರೇ, ನೀವು ಬೇರೆ ಜನ ನೋಡಿ" ಎಂದರು.

ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. "ಮೊದಲು ಬೇರೆ ಮೆಂತೆ ಹುರೀರಿ" ಎಂದು ಬೈದೆ. ಹುರಿದರು. ವಾಸನೆ ಏರಿ ಬಂದಾಗ "ಸಾಕು" ಎಂದೆ. ಅವರು ಇಳಿಸಿದರು.

ಜೂನ್ 24, ಮಂಗಳವಾರ

ನಿನ್ನೆ ಪ್ರತಾಪನಿಗೆ ಫೋನು ಮಾಡುವವನಿದ್ದೆ. ಕೊತ್ತಂಬರಿ ಹುರಿಯುವ ಹೊತ್ತಾಯಿತು, ಆಮೇಲೆ ಮರೆತೆ.

ಬೆಳಿಗ್ಗೆ ನಾನು ಭಟ್ಟರ ಮೂಗು. ಇಂಗು ಸಾಕು, ಒಗ್ಗರಣೆ ಆಯಿತು, ಕಾಯಿ ಕಮಟು. ಮಧ್ಯಾಹ್ನ ಮೂರಕ್ಕೆ ಹಿಂದಿನ ಮೇಜಿನಲ್ಲಿ ನಾನು ಭಟ್ಟರ ನಾಲಿಗೆ. ಆದರೆ ಒಂದು ತೊಂದರೆ. ಕಿಂಡಿಯಲ್ಲಿ ಎರಡು ಕಣ್ಣು ಕಾಯುತ್ತಿವೆ ಎಂದು ಗೊತ್ತಾದ ಮೇಲೆ ಮುಖ ಮಾತು ಕೇಳುವುದಿಲ್ಲ. ಇಂದು ತುತ್ತು ಬಾಯಿಗಿಟ್ಟು ಹುಬ್ಬು ಎಲ್ಲಿಡಬೇಕೆಂದು ಯೋಚಿಸುತ್ತ ಕೂತೆ. ಮದುವೆ ಫೋಟೋದಲ್ಲೂ ಇಷ್ಟು ಕಷ್ಟಪಟ್ಟಿರಲಿಲ್ಲ. "ಬಾಯಲ್ಲೇ ಹೇಳ್ತೇನೆ ಭಟ್ರೇ, ಉಪ್ಪು ಹೆಚ್ಚು" ಎಂದರೆ ಅವರು ಒಪ್ಪುವುದಿಲ್ಲ. "ಬಾಯಿ ದಾಕ್ಷಿಣ್ಯಕ್ಕೆ ಸುಳ್ಳು ಹೇಳ್ತದೆ. ನೀವು ಸುಮ್ಮನೆ ಉಣ್ಣಿ" ಎಂದು ಗದರಿದರು.

ಮಧ್ಯಾಹ್ನ ಒಬ್ಬನೇ ಕೂತು ಉಣ್ಣುವುದು ಕಷ್ಟ. ಎದುರಿನ ಕುರ್ಚಿ ಖಾಲಿ. ಗಲ್ಲಾದಲ್ಲಿ ಕೂತು ಬರೆಯುತ್ತಿರುವಾಗಲೂ ಅದು ಕಾಣುತ್ತದೆ, ಅಷ್ಟೇ.

ಜೂನ್ 27, ಶುಕ್ರವಾರ

ಹುಳಿ ಇಳಿದಿದೆ. ಉಪ್ಪು ಇನ್ನೂ ಒಂದು ಚೂರು ಮುಂದೆ. ಗಿರಾಕಿಗಳೇನೂ ಹೆಚ್ಚಲಿಲ್ಲ. ಒಂದು ವಾರದಲ್ಲಿ ಯಾರು ಬರುತ್ತಾರೆ? ಕೊಡೆಯ ಮಾಮಾ ಇಂದೂ ಎದುರಿನ ಮೆಸ್ಸಿಗೇ ಹೋದರು. ಈ ಸಲ ತಲೆ ತಗ್ಗಿಸದೆ ಕೈ ಬೀಸಿದೆ. ಅವರು ಕಂಗಾಲಾದರು.

ರಚನಾ ಫೋನು ಮಾಡಿ "ಬರೀತಿದೀರಾ ಸರ್?" ಎಂದು ಕೇಳಿದಳು. "ಪುರುಸೊತ್ತು ಇಲ್ಲ" ಎಂದೆ. "ಓ" ಎಂದಳು. ಯಾಕೋ ಖುಷಿಪಟ್ಟವಳ ಹಾಗಿತ್ತು ಅವಳ ದನಿ.

ಸೋಮವಾರ ಪ್ರತಾಪ್ ಕಾಗದ ತರುತ್ತಾನೆ. ಸುಗುಣಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಲೆಕ್ಕ ಹಾಕಿದರೆ ಕೊಡುವುದೇ ಸರಿ. ಭಟ್ಟರ ಮೂಗು ಬರುವುದು ಯಾವಾಗ ಎಂದು ಡಾಕ್ಟರಿಗೂ ಗೊತ್ತಿಲ್ಲ. ಅವರಿಗೆ ಏನಾದರೂ ಒಂದು ಏರ್ಪಾಡು ಮಾಡಿ ಕೊಟ್ಟುಬಿಡುವುದು. ಹಾಗೇ ಮಾಡುತ್ತೇನೆ.

ಜೂನ್ 30, ಸೋಮವಾರ

ಮೂರು ಗಂಟೆಗೆ ನಾನು ಎಲೆಯ ಎದುರು ಕೂತಿದ್ದಾಗ ಪ್ರತಾಪ್ ಕಾಗದದ ಕವರು ಹಿಡಿದು ಬಂದ. ಊಟ ಆಗಿಲ್ಲ ಎಂದ. ಕೂರು ಎಂದೆ. ಅಣ್ಣನ ಕುರ್ಚಿಯಲ್ಲಿ ಕೂತ, ಅವನಿಗೇನು ಗೊತ್ತು. ಕವರನ್ನು ನೀರಿನ ಜಗ್ಗಿಗೆ ಒರಗಿಸಿಟ್ಟ. ಅವನಿಗೂ ಎಲೆ ಹಾಕಿಸಿದೆ.

ನಾಲ್ಕು ತುತ್ತು ಉಂಡು, ಅವನು ತಮಿಳಿನಲ್ಲಿ, "ಸಾಂಬಾರ್ ಪರವಾಯಿಲ್ಲ ಸಾರ್. ಆದ್ರೆ ವೆಲ್ಲಂ ಜಾಸ್ತಿ. ಸಾಂಬಾರಿಗೆ ಯಾರಾದರೂ ಬೆಲ್ಲ ಹಾಕ್ತಾರಾ?" ಎಂದ.

"ಜಾಸ್ತಿ ಇಲ್ಲ. ಸರಿಯಾಗಿಯೇ ಉಂಟು" ಎಂದೆ ನಾನೂ ತಮಿಳಿನಲ್ಲಿ.

"ಮದ್ರಾಸ್ ಜನಕ್ಕೆ ಸಿಹಿ ಸೇರುವುದಿಲ್ಲ ಸಾರ್."

"ಸೇರದೆ ಇಷ್ಟು ವರ್ಷ ಇಲ್ಲಿ ಉಂಡವರು ಯಾರು? ಬೆಲ್ಲ ತೆಗೆದರೆ ಉಳಿಯುವುದೇನು, ನಿನ್ನ ಚಹಾ ಬನ್ನಾ? ಹುಣಸೆಯ ಕೋಪ ಇಳಿಸುವುದು ಯಾವುದು, ಹೇಳು ನೋಡುವಾ. ನಾಲಿಗೆ ಉಂಟಾ ನಿನಗೆ? ಇನ್ನೊಂದು ಸಲ ಹಾಕಿಸಿಕೋ, ಅನ್ನ ಕಡಿಮೆ ಕಲಸು, ಆಮೇಲೆ ಮಾತಾಡು." ಹುಡುಗನನ್ನು ಕೂಗಿ ಅವನ ಎಲೆಗೆ ಮತ್ತೆ ಹಾಕಿಸಿದೆ. ನನ್ನ ದನಿ ರಸ್ತೆಗೆ ಕೇಳುವಷ್ಟು ಏರಿತ್ತಂತೆ, ಆಮೇಲೆ ಹುಡುಗರು ಹೇಳಿದರು.

ಪ್ರತಾಪ್ ಎರಡನೆಯ ಸಲವೂ ಉಂಡ. ಕೈ ತೊಳೆದು ಬಂದು ಕವರನ್ನು ಕಂಕುಳಲ್ಲಿ ಇಟ್ಟುಕೊಂಡ. "ಸರಿ ಸಾರ್. ನೀವು ಕೊಡುವುದಿಲ್ಲ" ಎಂದ.

"ನಾನು ಹಾಗೆ ಹೇಳಲೇ ಇಲ್ಲವಲ್ಲ."

"ಹೇಳ್ಬೇಕಾ ಸಾರ್?" ಎಂದು ನಕ್ಕು ಹೋದ. ತಡೆದು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಮಜ್ಜಿಗೆ ಅನ್ನಕ್ಕೆ ಕೈ ಹಾಕಿ ಕೂತಿದ್ದೆ. ಎದುರು ಪ್ರತಾಪನ ಎಲೆ ಇನ್ನೂ ಎತ್ತಿರಲಿಲ್ಲ. ಆ ಕುರ್ಚಿಯಲ್ಲಿ ಇನ್ನು ಅಣ್ಣ ಕೂರುವುದಿಲ್ಲ ಎಂದು ಆಗ, ಆ ಹೊತ್ತಿಗೆ, ನನಗೆ ತಿಳಿಯಿತು. ಎಂಟು ತಿಂಗಳು ತಡವಾಗಿ. ತಡೆಯಲು ಆಗಲಿಲ್ಲ. ಗಂಡಸು, ಮಾಲೀಕ, ಹಾಲ್‌ನಲ್ಲಿ ಕಾಫಿ ಕುಡಿಯುವವರು ಇದ್ದಾರೆ, ಎಲೆಯ ಎದುರು ಕೂತು ಗಳಗಳ ಅತ್ತೆ. ಎಂಜಲು ಕೈ, ಕಣ್ಣು ಒರೆಸಿಕೊಳ್ಳಲೂ ಆಗದು.

ಅಡಿಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಯಾವತ್ತೂ ಹೊರಗೆ ಹಾಲ್‌ಗೆ ಬಾರದ ಭಟ್ಟರು, ಸಟ್ಟುಗ ಹಿಡಿದುಕೊಂಡೇ ಓಡಿ ಬಂದರು. ನನ್ನ ಮುಖವನ್ನು ಹತ್ತಿರದಿಂದ ನೋಡಿದರು.

"ಖಾರ ಹೆಚ್ಚಾಯಿತಾ, ರಾಯರೇ?"

"ಇಲ್ಲ ಭಟ್ರೇ" ಎಂದೆ. "ಇವತ್ತು ಸರಿ ಉಂಟು."